ವರ್ಷ ಮುಗೀತು, ಬಿ.ಪಿ., ಎದೆಯುರಿ, ಸೀನು ಮೂರೂ ಹಾಗೇ ಉಳಿದವು. ಡಾಕ್ಟರ ಹತ್ತಿರ ಏನು ಬರೆದುಕೊಂಡು ಹೋಗಬೇಕು?

ವಿನೋಬನಗರದವ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದೊಡ್ಡ ಕಾಯಿಲೆ ಯಾವುದೂ ಇಲ್ಲ, ಆದರೆ ವರ್ಷವಿಡೀ ಕಾಡಿದ ಸಣ್ಣಪುಟ್ಟ ತಕರಾರುಗಳು ಒಂದೂ ಬಗೆಹರಿದಿಲ್ಲ. ವಯಸ್ಸು 52. ಬಿ.ಪಿ. ಕ್ಲಿನಿಕ್ಕಿನಲ್ಲಿ 150/94 ತೋರಿಸುತ್ತದೆ, ಮನೆಯ ಮಷಿನ್ನಿನಲ್ಲಿ ಒಮ್ಮೆ 128, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 146. ಬೆಳಿಗ್ಗೆ ಅಮ್ಲೋಡಿಪಿನ್ 5 ಮಿ.ಗ್ರಾಂ. ನಡೀತಿದೆ. ರಾತ್ರಿ ಎದೆಯುರಿ, ಹುಳಿತೇಗು. ಉರಿ ಬಂದ ದಿನ ಪ್ಯಾಂಟೊಪ್ರಜೋಲ್, ಇಲ್ಲವೇ ನೀರಿಗೆ ಹಾಕಿದರೆ ಬುರುಗು ಬರುವ ಪುಡಿ. ಮೆಕ್ಕೆಜೋಳದ ಒಕ್ಕಣೆ ಶುರುವಾದಾಗಿನಿಂದ ಬೆಳಗಾದರೆ ಸೀನು, ಮೂಗು ಕಟ್ಟುವುದು. ಅದಕ್ಕೆ ಮೆಡಿಕಲ್ಲಿನಿಂದ ನೆಗಡಿ ಮಾತ್ರೆ. ಮಂಡಿ ಜೋರಾಗಿ ನೋವಾದರೆ ನೋವಿನ ಮಾತ್ರೆ.

ಜನವರಿಯಲ್ಲಿ ಡಾಕ್ಟರನ್ನ ನೋಡಬೇಕು. ಅವರಿಗೆ ಸಿಗುವುದು ಐದು ನಿಮಿಷ. ಒಂದೇ ಹಾಳೆಯಲ್ಲಿ ಈ ವರ್ಷದ್ದೆಲ್ಲ ಬರೆದುಕೊಂಡು ಹೋಗೋಣ ಅಂತಿದೀನಿ. ಏನೇನು ಬರೆದರೆ ಅವರಿಗೆ ಉಪಯೋಗ? ವರ್ಷದ ಕೊನೆಗೆ ಲ್ಯಾಬಿನವರು ಕೊಡುವ ಫುಲ್ ಬಾಡಿ ಪ್ಯಾಕೇಜ್ ಮಾಡಿಸಬೇಕಾ?

ಗುಳಿಗೆ ಡಬ್ಬಿ

ಸರ, ಹಾಳೆಯ ಮೇಲ್ಭಾಗದಲ್ಲಿ ಕಾಯಿಲೆ ಬರೀಬೇಡ್ರಿ. ಚೀಟಿ ಇಲ್ಲದೆ ತಂದು ನುಂಗಿದ್ದನ್ನೆಲ್ಲ ಮೊದಲು ಬರೀರಿ. ನೀವು ಮೂರು ತಕರಾರು ಅಂತ ಬೇರೆ ಬೇರೆ ಹೇಳಿದ್ದೀರಿ, ಆದರೆ ಒಂದಕ್ಕೆ ತಗೊಂಡ ಔಷಧ ಇನ್ನೊಂದನ್ನ ಕೆಣಕುತ್ತಿರಬಹುದು.

ನೆಗಡಿ ಮಾತ್ರೆಯ ಪಟ್ಟಿ ತಿರುಗಿಸಿ ಹಿಂದೆ ಓದಿ. ಫಿನೈಲೆಫ್ರಿನ್ ಅಂತ ಇದ್ದರೆ ಅದು ರಕ್ತನಾಳ ಬಿಗಿ ಮಾಡುವ ಔಷಧ. ಮೂಗಿನ ಊತ ಇಳಿಸಲಿ ಅಂತ ಹಾಕಿರುತ್ತಾರೆ, ಬಿ.ಪಿ. ಇರುವವರಿಗೆ ಅದು ಒಗ್ಗುವುದಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಥರದ ನೋವಿನ ಮಾತ್ರೆ ದೇಹದಲ್ಲಿ ಉಪ್ಪು, ನೀರು ನಿಲ್ಲಿಸಿ ಬಿ.ಪಿ. ಏರಿಸುತ್ತವೆ, ಹೊಟ್ಟೆಯ ಒಳಪದರವನ್ನೂ ಕೆಡಿಸುತ್ತವೆ, ಕಿಡ್ನಿಗೂ ಭಾರ. ಇನ್ನು ಆ ಬುರುಗಿನ ಪುಡಿ. ಅದರಲ್ಲಿ ಇರುವುದು ಮುಖ್ಯವಾಗಿ ಅಡುಗೆ ಸೋಡಾ. 5 ಗ್ರಾಂನ ಒಂದು ಪೊಟ್ಟಣದಲ್ಲೇ ಅರ್ಧ ಗ್ರಾಂಗಿಂತ ಹೆಚ್ಚು ಸೋಡಿಯಂ ಹೊಟ್ಟೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳಿರುವ ಮಿತಿಯೇ 2 ಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಅಮ್ಲೋಡಿಪಿನ್ ಕೂಡ ಕೆಲವರಲ್ಲಿ ಅನ್ನನಾಳದ ಕೆಳಗಿನ ಬಿಗಿ ಸಡಿಲ ಮಾಡಿ ಎದೆಯುರಿ ಹೆಚ್ಚಿಸುತ್ತದೆ. ಹಾಗಂತ ನೀವೇ ನಿಲ್ಲಿಸಬೇಡ್ರಿ, ಡಾಕ್ಟರಿಗೆ ಹೇಳಿ.

ಪ್ರತಿ ಔಷಧದ ಹೆಸರು, ಎಷ್ಟು ಮಿ.ಗ್ರಾಂ., ತಿಂಗಳಿಗೆ ಹೆಚ್ಚುಕಮ್ಮಿ ಎಷ್ಟು ಸಲ, ಇಷ್ಟು ಸಾಕು. ಹೆಸರು ನೆನಪಿರದಿದ್ದರೆ ಖಾಲಿ ಪಟ್ಟಿಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ನಾಟಿ ಔಷಧ, ಚೂರ್ಣ, ಪ್ರೋಟೀನ್ ಪುಡಿ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಪಿ.ಜೆ. ಬಡಾವಣೆ

ಬಿ.ಪಿ. ಬಗ್ಗೆ ನಾನು ಹೇಳ್ತೀನಿ. 128, 146 ಎರಡೂ ಸುಳ್ಳಲ್ಲ. ಬಿ.ಪಿ. ಕ್ಷಣಕ್ಷಣಕ್ಕೂ ಬದಲಾಗುತ್ತದೆ, ನೋಡುವ ಕ್ರಮ ತಪ್ಪಿದರೆ ಇನ್ನಷ್ಟು ಹಾರುತ್ತದೆ. ಡಾಕ್ಟರಿಗೆ ಬೇಕಾದದ್ದು ಒಂದು ಒಳ್ಳೆಯ ಸರಾಸರಿ.

ಮೊದಲು ತೋಳುಪಟ್ಟಿಯ ಅಳತೆ. ಭುಜಕ್ಕೂ ಮೊಣಕೈಗೂ ನಡುವೆ ದರ್ಜಿ ಟೇಪ್ ಸುತ್ತಿ ನೋಡಿ. ಮಷಿನ್ ಜೊತೆ ಬರುವ ಮಧ್ಯಮ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ. ನಿಮ್ಮದು 34 ಇದ್ದರೆ ದೊಡ್ಡ ಪಟ್ಟಿ ತರಿಸಲೇಬೇಕು, ಬಿಗಿಯಾದ ಸಣ್ಣ ಪಟ್ಟಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಮಷಿನ್ ಆದರೆ ಅದನ್ನ ನೆಚ್ಚಬೇಡಿ.

ನೋಡುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ, ಎಲೆಅಡಿಕೆ, ವಾಕಿಂಗ್ ಏನೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆನಿಕೆ ಇರುವ ಕುರ್ಚಿ. ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ತೋಳನ್ನ ಟೇಬಲ್ ಮೇಲಿಟ್ಟು, ಕೆಳಗೆ ಮಡಚಿದ ಟವೆಲ್ ಕೊಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಮಾಡಿ. ಬಹಳ ಜನ ಎಡವುವುದು ಇಲ್ಲೇ: ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 8 ಅಂಕ ಏರಿ ಕಾಣುತ್ತದೆ. ಅಂಗಿಯ ತೋಳು ಮಡಚಿ ಬಿಗಿ ಮಾಡಬೇಡಿ, ತೋಳು ಹೊರಗೆ ತೆಗೆದುಬಿಡಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಇರಲಿ. ಐದು ನಿಮಿಷ ಸುಮ್ಮನೆ ಕೂತು ಬಟನ್ ಒತ್ತಿ. ಮಷಿನ್ ಓಡುವಾಗ ಮಾತು ಬೇಡ, ಮೊಬೈಲ್ ಬೇಡ.

ಏಳು ದಿನ ಹೀಗೆ ಮಾಡಿ. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು, ಒಂದು ನಿಮಿಷ ಬಿಟ್ಟು ಎರಡು ಸಲ. ಸಂಜೆ ಊಟಕ್ಕೆ ಮೊದಲು ಮತ್ತೆ ಎರಡು ಸಲ. ಮೊದಲ ದಿನದ ಅಂಕಿ ಬಿಟ್ಟು ಉಳಿದ 24ರ ಸರಾಸರಿ ತೆಗೀರಿ. ಕ್ಲಿನಿಕ್ಕಿನಲ್ಲಿ 140/90 ಗೆರೆ ಆದರೆ ಮನೆಯ ಸರಾಸರಿಗೆ 135/85. ಹೆಚ್ಚು ಬಂದದ್ದನ್ನ ಅಳಿಸಿ ಚೆಂದ ಮಾಡಬೇಡಿ, ಇದ್ದದ್ದು ಇದ್ದ ಹಾಗೆ ಬರೀರಿ. ಮೊದಲ ದಿನ ಎರಡೂ ತೋಳು ನೋಡಿ, ಹೆಚ್ಚು ಬರುವ ತೋಳಿನಲ್ಲೇ ಮುಂದುವರಿಸಿ. ವ್ಯತ್ಯಾಸ 10 ದಾಟಿದರೆ ಅದೂ ಹಾಳೆಗೆ ಹೋಗಲಿ. ಮಷಿನ್ನನ್ನೂ ಒಯ್ದು ಅಲ್ಲಿನದರ ಜೊತೆ ತಾಳೆ ನೋಡಿ.

180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಅವತ್ತೇ ಡಾಕ್ಟರನ್ನ ಕಾಣಿ. ಜೊತೆಗೆ ಎದೆನೋವು, ಉಸಿರುಗಟ್ಟು, ಮಾತು ತೊದಲು, ಕೈಕಾಲು ಬಲಹೀನ ಇದ್ದರೆ ಮತ್ತೆ ನೋಡುತ್ತ ಕೂರಬೇಡಿ, 108.

ಮಂಡಿಪೇಟೆ

ಎದೆಯುರಿಗೆ ಪ್ಯಾಂಟೊಪ್ರಜೋಲನ್ನ ನೀವು ತಗೊಳ್ಳುತ್ತಿರುವ ರೀತಿಯಲ್ಲಿ ಅದು ಪೂರ್ತಿ ಕೆಲಸ ಮಾಡಲ್ಲ ಅಣ್ಣಾರೆ. ಉಂಡಾಗ ಹೊಟ್ಟೆಯಲ್ಲಿ ಆಮ್ಲ ಬಿಡುವ ಪಂಪುಗಳು ಏಳುತ್ತವೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಇದ್ದರೆ ಮಾತ್ರ ಅವನ್ನ ಕಟ್ಟಿಹಾಕುತ್ತದೆ. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ದಿನ ತಪ್ಪದೆ, ಡಾಕ್ಟರು ಹೇಳಿದಷ್ಟು ವಾರ. ಪೂರ್ತಿ ಗುಣ ಕಾಣಲು ನಾಲ್ಕೈದು ದಿನ ಬೇಕು. ಮಾತ್ರೆ ಪುಡಿ ಮಾಡಬೇಡಿ, ಮೇಲಿನ ಲೇಪ ಒಡೆದರೆ ಹೊಟ್ಟೆಯ ಆಮ್ಲವೇ ಅದನ್ನ ಹಾಳು ಮಾಡುತ್ತದೆ. ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ನುಗ್ಗುತ್ತದೆ, ಜನ ಅದನ್ನೇ ಕಾಯಿಲೆ ಮರುಕಳಿಸಿತು ಅಂದುಕೊಂಡು ವರ್ಷಗಟ್ಟಲೆ ನುಂಗ್ತಾರೆ. ವರ್ಷಗಟ್ಟಲೆ ತಗೊಂಡವರು ಬಿ12 ವಿಟಮಿನ್ ನೋಡಿಸಬೇಕಾ ಅಂತ ಡಾಕ್ಟರನ್ನ ಕೇಳಿ.

ನಮ್ಮೂರಿನ ಸಂಜೆಯ ತಿಂಡಿಯ ಮಾತು ತೆಗೆಯದೆ ಎದೆಯುರಿಯ ಮಾತು ಮುಗಿಯಲ್ಲ. ಮಂಡಕ್ಕಿ ಮಿರ್ಚಿ ಆರು ಗಂಟೆಗೆ ತಿಂದು, ಹತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ ಅಂದರೆ ಮಿರ್ಚಿಯ ಎಣ್ಣೆ ಹೊಟ್ಟೆ ಖಾಲಿಯಾಗುವುದನ್ನ ತಡೆದಿರುತ್ತದೆ, ಮೇಲೆ ಊಟ ಬಿದ್ದಿರುತ್ತದೆ, ಮಲಗಿದೊಡನೆ ಎಲ್ಲ ಮೇಲಕ್ಕೆ. ಬೆಣ್ಣೆದೋಸೆ ಬಿಡ್ರಿ ಅಂತ ನಾನು ಹೇಳಲ್ಲ, ಅದನ್ನ ಬೆಳಿಗ್ಗೆಗೆ ಇಟ್ಕೊಳ್ಳಿ. ಕಡೆಯ ತುತ್ತಿಗೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು. ಎರಡು ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನೂ ಕೆಡುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 6 ಇಂಚಿನ ಮರದ ದಿಮ್ಮಿ ಕೊಡಿ, ಎಡಮಗ್ಗುಲಾಗಿ ಮಲಗಿ.

ನುಂಗಲು ಕಷ್ಟ, ತಾನಾಗಿ ತೂಕ ಇಳಿಯುವುದು, ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ, ಇವು ಇದ್ದರೆ ಜನವರಿವರೆಗೆ ಕಾಯಬೇಡಿ. ಎದೆ ಭಾರವಾಗಿ ಎಡತೋಳಿಗೋ ದವಡೆಗೋ ಹರಿದು ಬೆವರು ಕಿತ್ತರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ದಯವಿಟ್ಟು. ಮೊದಲು ಇ.ಸಿ.ಜಿ. ಆಗಲಿ.

ಎಪಿಎಂಸಿ ಯಾರ್ಡ್

ಸೀನಿಗೆ. ಜೋಳದ ರಾಶಿ ಹಾಕುವ ದಿನಗಳಲ್ಲಿ ರಸ್ತೆ, ಕಣ ಎಲ್ಲ ಕಡೆ ಆ ಕೆಂಪು ಹೊಟ್ಟು ಹಾರುತ್ತದೆ. ಅದರ ಜೊತೆಗೇ ಚಳಿಗೆ ಅಂತ ಟ್ರಂಕಿನಿಂದ ರಗ್ಗು, ಕಂಬಳಿ ಹೊರಗೆ ಬರುತ್ತವೆ. ಬೆಳಿಗ್ಗೆ ಎದ್ದೊಡನೆ ಮಾತ್ರ ಸೀನು ಜಾಸ್ತಿ ಅಂದರೆ ಜೋಳಕ್ಕಿಂತ ಹಾಸಿಗೆಯ ದೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳ ಮೇಲೆಯೇ ಹೆಚ್ಚು ಅನುಮಾನ ಪಡಿ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೀಬೇಕು. ಮಷಿನ್ ಆದರೆ 60 ಡಿಗ್ರಿ ಇಡಿ. ಒಗೆಯಲಾಗದ ಕಂಬಳಿಯನ್ನ ಹೊರಗೆ ಬಿಸಿಲಿಗೆ ಹಾಕಿ ಬೇರೆಯವರು ಜಾಡಿಸಲಿ. ಒಳಗೆ ಒದ್ದೆಬಟ್ಟೆಯಿಂದ ಒರೆಸಿ, ಪೊರಕೆಯ ದೂಳು ಏಳಿಸಬೇಡಿ. ಕಣದ ಹತ್ತಿರ ಹೋಗುವಾಗ ಕರವಸ್ತ್ರ ಸಾಲದು, ಎನ್-95 ಬೇಕು.

ಮೂಗು ಬಿಡಿಸುವ ಡ್ರಾಪ್ಸ್ (ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್) ಐದು ದಿನಕ್ಕಿಂತ ಹೆಚ್ಚು ಬೇಡವೇ ಬೇಡ, ಆಮೇಲೆ ಡ್ರಾಪ್ಸಿನಿಂದಲೇ ಮೂಗು ಕಟ್ಟುತ್ತದೆ. ಡಾಕ್ಟರು ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಹೆದರಬೇಡಿ, ಆದರೆ ಹೊಡೆಯುವ ರೀತಿ ಮುಖ್ಯ. ಬಾಟಲಿ ಅಲ್ಲಾಡಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಣ್ಣಿನ ಹೊರಮೂಲೆಯ ಕಡೆ ಇರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಮೆಲ್ಲಗೆ ಎಳೆದುಕೊಳ್ಳಿ, ಗಂಟಲಿಗೆ ಇಳಿದರೆ ಜೋರಾಗಿ ಎಳೆದಿದ್ದೀರಿ ಅಂತ. ಎರಡು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡುವವರೇ ಹೆಚ್ಚು, ಅದಕ್ಕೆ ಎರಡು ವಾರ ಸಮಯ ಕೊಡಬೇಕು.

ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಮಂಡಿನೋವನ್ನ ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನಮ್ಮ ದುರ್ಗದ ಕಡೆಯ ಊರಿನಲ್ಲಿ ಬೋರ್ ನೀರು ಕುಡಿದು ಬೆಳೆದವರಾದರೆ, ಇಲ್ಲವೇ ಈಗಲೂ ಬೋರೇ ಆದರೆ, ಹಾಳೆಯಲ್ಲಿ ಎಷ್ಟು ವರ್ಷ ಯಾವ ನೀರು ಅಂತ ಬರೀರಿ. ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಜಾಸ್ತಿ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ವರೆಗೆ. ಅದಕ್ಕಿಂತ ಹೆಚ್ಚಿನದನ್ನ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಕತ್ತು, ಸೊಂಟ, ಮಂಡಿ ಬಿಗಿತ.

ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಯು.ವಿ. ಫಿಲ್ಟರು, ಕ್ಯಾಂಡಲ್ ಫಿಲ್ಟರು ಇದಕ್ಕೆ ಬರಲ್ಲ. ಆರ್.ಒ. ತೆಗೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಏನಂದರೆ ಕುಡಿಯೋಕೆ ಘಟಕದ ಕ್ಯಾನ್ ನೀರು, ಅನ್ನ, ಸಾರು, ಮುದ್ದೆಗೆ ಬೋರ್ ನೀರು. ಅನ್ನ ಹೀರಿದ ನೀರೆಲ್ಲ ಹೊಟ್ಟೆಗೇ ಹೋಯ್ತಲ್ಲ. ಬೋರ್ ನೀರಿಗೆ ಟಿ.ಡಿ.ಎಸ್. ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವುದು) ಅದ್ದಿ ಕಡಿಮೆ ಇದೆ ಅಂತ ಸಮಾಧಾನ ಪಡಬೇಡಿ, ಆ ಮೀಟರ್ ಫ್ಲೋರೈಡನ್ನ ಬೇರೆ ಮಾಡಿ ತೋರಿಸಲ್ಲ. ಬೋರ್ ಐದು ನಿಮಿಷ ಓಡಿಸಿ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನ ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿ, ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ.

ಪ್ಯಾಕೇಜ್ ಬಗ್ಗೆ: ಬೇಡ. ನಿಮಗೆ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿಗೆ), ಪೊಟ್ಯಾಸಿಯಂ, ಮೂತ್ರ, ಕೊಲೆಸ್ಟರಾಲ್, ಹಿಮೋಗ್ಲೋಬಿನ್ ಇಷ್ಟು ಸಾಕು, ಉಳಿದದ್ದನ್ನ ಡಾಕ್ಟರು ಹೇಳಲಿ. ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಸರಿ, 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಸುಳ್ಳೇ ಹೆಚ್ಚು ತೋರಿಸಬಹುದು, ಅದಕ್ಕೇ ಹಿಮೋಗ್ಲೋಬಿನ್ ಜೊತೆಗಿರಲಿ. ಎಂಟರಿಂದ ಹತ್ತು ಗಂಟೆ ಉಪವಾಸ, ನೀರು ಕುಡೀಬಹುದು.

ವಿನೋಬನಗರದವ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ನೆಗಡಿ ಮಾತ್ರೆಯ ಪಟ್ಟಿ ನೋಡಿದೆ, ಫಿನೈಲೆಫ್ರಿನ್ 10 ಮಿ.ಗ್ರಾಂ. ಇದೆ. ನಾಳೆಯಿಂದ ಏಳು ದಿನ ಬಿ.ಪಿ. ಬರೆಯುತ್ತೇನೆ. ಇನ್ನೊಂದು ಪ್ರಶ್ನೆ: ಬಿ.ಪಿ. ಮಾತ್ರೆ ರಾತ್ರಿ ತಗೊಂಡರೆ ಒಳ್ಳೇದು ಅಂತಾರಲ್ಲ, ಬದಲಾಯಿಸಲಾ?

ಗುಳಿಗೆ ಡಬ್ಬಿ

ಈ ವಾರವೇ ಬದಲಾಯಿಸಬೇಡ್ರಿ, ಬರೆದ ಅಂಕಿಗೆ ಅರ್ಥ ಇರಲ್ಲ. ಹೊತ್ತಿನ ವಿಚಾರಕ್ಕೆ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಟೈಮ್ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ಬೆಳಿಗ್ಗೆ ತಗೊಂಡವರಿಗೂ ರಾತ್ರಿ ತಗೊಂಡವರಿಗೂ ಹೃದಯಾಘಾತ, ಲಕ್ವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ತಗೊಳ್ಳುವ ಹೊತ್ತು ಯಾವುದೋ ಅದೇ ನಿಮ್ಮ ಹೊತ್ತು. ಅಮ್ಲೋಡಿಪಿನ್ ಬೆಳಿಗ್ಗೆ ಮರೆತು ಮಧ್ಯಾಹ್ನ ನೆನಪಾದರೆ ಆಗಲೇ ತಗೊಳ್ಳಿ. ಮರುದಿನವೇ ನೆನಪಾದರೆ ಒಂದೇ ಮಾತ್ರೆ, ಎರಡು ಸೇರಿಸಬೇಡಿ. ಪಾದದ ಹರಡಿನಲ್ಲಿ ಸಂಜೆ ಊತ ಬರುತ್ತಿದ್ದರೆ ಅದು ಈ ಮಾತ್ರೆಯಿಂದಲೂ ಆಗುತ್ತದೆ. ಕಾಲುಚೀಲ ಬಿಚ್ಚಿದಾಗ ಗೆರೆ ಆಳವಾಗಿ ಉಳಿಯುತ್ತದಾ ನೋಡಿ, ಉಳಿದರೆ ಹಾಳೆಯ ಕೆಳಗೆ ಅದನ್ನೂ ಒಂದು ಸಾಲು ಸೇರಿಸಿ.