ಲೇಸರ್ ಚುಕ್ಕಿ ಸರಿಯಾಗಿ ವಾಪಸ್ ಬರುತ್ತೆ, ನಕ್ಷತ್ರಕ್ಕೆ ಮಾತ್ರ ಬಾಲ: 8 ಇಂಚಿನ ಡಾಬ್ಸೋನಿಯನ್ ಕಾಲಿಮೇಶನ್

ಪ್ರಶ್ನೆ

ನನ್ನದು 8 ಇಂಚಿನ ಡಾಬ್ಸೋನಿಯನ್ (ಕನ್ನಡಿ ಇರುವ ಒಂದು ಬಗೆಯ ಟೆಲಿಸ್ಕೋಪ್), ಎಫ್/6 (ಫೋಕಲ್ ಲೆಂತ್ ಕನ್ನಡಿಯ ಅಗಲದ ಆರು ಪಟ್ಟು), ಫೋಕಲ್ ಲೆಂತ್ 1200 ಮಿಮೀ. ನೋಡುವ ಜಾಗ ರಾಜಾಜಿನಗರದ ಮೂರನೇ ಮಹಡಿ ತಾರಸಿ. ಕಾಲಿಮೇಶನ್, ಅಂದರೆ ಕನ್ನಡಿಗಳ ಹೊಂದಿಕೆ, ನೋಡೋಕೆ ಲೇಸರ್ ಕಾಲಿಮೇಟರ್ ಹಾಕಿದರೆ ಕಿರಣ ಟ್ಯೂಬಿನ ತಳದ ದೊಡ್ಡ ಕನ್ನಡಿಯ ನಡುವಿನ ಗುರುತಿನ ರಿಂಗ್ ಒಳಗೇ ಬೀಳುತ್ತೆ, ವಾಪಸ್ ಬಂದು ಲೇಸರಿನ ತೂತಿಗೇ ಸೇರುತ್ತೆ. ಆದರೂ 6 ಮಿಮೀ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ನಕ್ಷತ್ರ ಚುಕ್ಕಿಯಾಗಿ ನಿಲ್ಲಲ್ಲ, ಒಂದೇ ಕಡೆಗೆ ಬಾಲ ಎಳೆದ ಹಾಗೆ. ಗುರುವಿನ ಎರಡು ಪಟ್ಟೆ ಕಾಣುತ್ತವೆ, ಅಂಚು ಮಾತ್ರ ಕಲಸಿಹೋಗಿದೆ. 25 ಮಿಮೀ ಐಪೀಸಿನಲ್ಲಿ ಏನೂ ತೊಂದರೆ ಇಲ್ಲ. ಧ್ರುವ ನಕ್ಷತ್ರದ ಮೇಲೆ ಸ್ಟಾರ್ ಟೆಸ್ಟ್ (ಫೋಕಸ್ ಸ್ವಲ್ಪ ಬಿಟ್ಟು ನಕ್ಷತ್ರದ ಉಂಗುರಗಳನ್ನ ನೋಡೋದು) ಮಾಡಿ ಅಂತ ಎಲ್ಲ ಕಡೆ ಬರೆದಿರುತ್ತೆ. ಅಲ್ಲಿ ನೋಡಿದರೆ ಕುದಿಯುವ ಗಂಜಿ. ಕನ್ನಡಿಯೇ ಸರಿ ಇಲ್ಲವಾ?

ಉತ್ತರ

ಕನ್ನಡಿಯನ್ನ ಬೈಯೋದು ಕೊನೆಗಿರಲಿ ಸರ್. ಬಾಲ ಸದಾ ಒಂದೇ ದಿಕ್ಕಿಗಿದೆ ಅಂದರೆ ಅದು ಕೋಮಾ: ದೊಡ್ಡ ಕನ್ನಡಿಯ ಅಕ್ಷ ಐಪೀಸಿನ ನಡುವೆ ಹಾದುಹೋಗ್ತಿಲ್ಲ. ಗಾಳಿಯ ಕುದಿತ ಆಗಿದ್ದರೆ ಬಾಲ ಗಳಿಗೆಗೊಂದು ಕಡೆ ತಿರುಗುತ್ತಿತ್ತು. 25 ಮಿಮೀ ಐಪೀಸ್ ಕೊಡೋದು ಬರೀ 48 ಪಟ್ಟು, ಅಷ್ಟರಲ್ಲಿ ಈ ದೋಷ ಕಣ್ಣಿಗೆ ಬೀಳಲ್ಲ. 200 ಪಟ್ಟಿಗೆ ಹೋದ ಕೂಡಲೇ ಬೀಳುತ್ತೆ.

ಎಫ್/6 ಕನ್ನಡಿಯಲ್ಲಿ ಕೋಮಾ ಕಾಟ ಇಲ್ಲದ ಜಾಗ ಅಂದರೆ ಫೋಕಸ್ ಆಗುವಲ್ಲಿ ಸುಮಾರು 4.7 ಮಿಮೀ ಅಗಲದ ಒಂದು ವೃತ್ತ, ಅಷ್ಟೇ. ಎಫ್/8 ಆದರೆ 11 ಮಿಮೀ, ಎಫ್/5 ಆದರೆ 2.8. ಹಾಗಾಗಿ ನಿಮ್ಮ ಅಕ್ಷ ನಡುವಿನಿಂದ 2.3 ಮಿಮೀಗಿಂತ ಹೆಚ್ಚು ಸರಿದರೆ ನಟ್ಟನಡುವೆ ಇಟ್ಟ ನಕ್ಷತ್ರಕ್ಕೂ ಬಾಲ ಬರುತ್ತೆ.

'ರಿಂಗ್ ಒಳಗೇ ಬೀಳುತ್ತೆ' ಅಂದಿರಲ್ಲ, ಅದು ಸಾಲದು. ಕಿರಣ ರಿಂಗಿನ ನಟ್ಟನಡುವಿನಿಂದ ಎಷ್ಟು ತಪ್ಪಿದೆಯೋ ಅದರ ಅರ್ಧದಷ್ಟು ತಪ್ಪು ದೊಡ್ಡ ಕನ್ನಡಿಯ ಹೊಂದಿಕೆಗೂ ಸೇರುತ್ತೆ, ವಾಪಸ್ ಚುಕ್ಕಿ ತೂತಿಗೇ ಬಂದಿದ್ದರೂ ಸಹ. ನಡುವಿನಿಂದ 3 ಮಿಮೀ ಆಚೆ ಬಿದ್ದರೆ 1.5 ಮಿಮೀ ಅಲ್ಲೇ ಖರ್ಚಾಯ್ತು.

ಲೇಸರನ್ನೂ ಪರೀಕ್ಷೆ ಮಾಡಿ. ಫೋಕಸರಿನಲ್ಲಿ (ಐಪೀಸ್ ಕೂರುವ ಕೊಳವೆ) ಸಡಿಲವಾಗಿ ಕೂರಿಸಿ ನಿಧಾನ ಒಂದು ಸುತ್ತು ತಿರುಗಿಸಿ. ದೊಡ್ಡ ಕನ್ನಡಿಯ ಮೇಲೆ ಚುಕ್ಕಿ ಇದ್ದಲ್ಲೇ ಇರಬೇಕು; ವೃತ್ತ ಬರೆದರೆ ಲೇಸರೇ ವಾಲಿದೆ. ಅನುಮಾನ ಬಂದರೆ ಮರದ ತುಂಡಿಗೆ ನಾಲ್ಕು ಮೊಳೆ ಹೊಡೆದು 'ವಿ' ಆಕಾರದ ಆಸರೆ ಮಾಡಿ, 5 ಮೀಟರ್ ದೂರದ ಗೋಡೆಗೆ ಹಾಯಿಸಿ ಉರುಳಿಸಿ ನೋಡಿ. ಲೇಸರಿನ ಮೈಮೇಲೆ ಸಿಲಿಕೋನ್ ಮೆತ್ತಿದ ಮೂರು ಸಣ್ಣ ತೂತು ಇರುತ್ತವೆ, ಒಳಗಿನ ಸ್ಕ್ರೂ ತಿರುಗಿಸಿ ವೃತ್ತವನ್ನ ಚುಕ್ಕಿಯಾಗಿಸಬಹುದು. ಕಿರಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಇನ್ನೊಬ್ಬರ ಉತ್ತರ

ಮೇಲಿನದೆಲ್ಲ ಸರಿ, ನನ್ನ ಅನುಮಾನ ಬೇರೆ. ಲೇಸರ್ ನೋಡಿದ್ದು ಟ್ಯೂಬ್ ಮಲಗಿಸಿ ತಾನೇ? ನಕ್ಷತ್ರ ನೋಡೋದು ಟ್ಯೂಬ್ ಎತ್ತಿ. ದೊಡ್ಡ ಕನ್ನಡಿಯ ಹಿಂದಿನ ಸ್ಪ್ರಿಂಗ್ ಸಡಿಲ ಇದ್ದರೆ ಅಷ್ಟರಲ್ಲಿ ಕನ್ನಡಿಯ ಭಾರ ಕೂರುವ ರೀತಿಯೇ ಬದಲಾಗುತ್ತೆ. ಕನ್ನಡಿ ಕದಲದಂತೆ ಹಿಡಿಯುವ ಲಾಕ್ ಸ್ಕ್ರೂ ಬಿಗಿ ಮಾಡುವಾಗಲೂ ಹೊಂದಿಕೆ ಜಾರುತ್ತೆ. ಲಾಕ್ ಬಿಗಿ ಮಾಡಿ, ಟ್ಯೂಬನ್ನ 60 ಡಿಗ್ರಿಗೆ ಎತ್ತಿ, ಇನ್ನೊಮ್ಮೆ ಲೇಸರ್ ನೋಡಿ ಹೇಳಿ.

ಧ್ರುವವನ್ನ ಇಲ್ಲಿ ಮರೆತುಬಿಡಿ. ಆ ಸಲಹೆ 40, 50 ಡಿಗ್ರಿ ಅಕ್ಷಾಂಶದವರದು. ಅವರಿಗೆ ಅದು ಎತ್ತರದಲ್ಲಿ ಅಲುಗಾಡದೆ ನಿಂತಿರುತ್ತೆ. ಬೆಂಗಳೂರಿನಲ್ಲಿ 13 ಡಿಗ್ರಿ ಎತ್ತರ. ನೆತ್ತಿಯ ಮೇಲಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬೆಳಕು ಬರಬೇಕು, ಸಾಲದ್ದಕ್ಕೆ ಎದುರು ಮನೆಯ ಕಾದ ತಾರಸಿ. ಡಿಸೆಂಬರಿನಿಂದ ಫೆಬ್ರವರಿ ಆದರೆ ರೋಹಿಣಿ, ಮಾರ್ಚಿನಿಂದ ಮೇ ಆದರೆ ಮಘಾ, ಜೂನಿನಲ್ಲಿ ಮೋಡ ಬಿಟ್ಟರೆ ಸ್ವಾತಿ, ಅಕ್ಟೋಬರಿನಲ್ಲಿ ಶ್ರವಣ. ಮಘಾ ನಮ್ಮ ನೆತ್ತಿಯಿಂದ ಒಂದೇ ಡಿಗ್ರಿ ಆಚೆ ಹಾಯುತ್ತೆ, ಆದರೆ ಡಾಬ್ಸೋನಿಯನ್ ನೆತ್ತಿಯ ಹತ್ತಿರ ತಿರುಗಿಸೋಕೆ ಕಷ್ಟ. 60, 65 ಡಿಗ್ರಿಯಲ್ಲಿರುವಾಗಲೇ ಹಿಡಿಯಿರಿ. ನಕ್ಷತ್ರ ಓಡುತ್ತೆ ನಿಜ; 50 ಡಿಗ್ರಿ ನೋಟದ 6 ಮಿಮೀ ಐಪೀಸಿನಲ್ಲಿ ಒಂದು ಅಂಚಿಂದ ಇನ್ನೊಂದಕ್ಕೆ ಸುಮಾರು ಒಂದು ನಿಮಿಷ. ಅಷ್ಟು ಹೊತ್ತು ಸಾಕು.

ಪ್ರಶ್ನೆ ಕೇಳಿದವರು

ಲೇಸರ್ ತಿರುಗಿಸಿದಾಗ ವೃತ್ತ ಬರಲಿಲ್ಲ. ಆದರೆ 60 ಡಿಗ್ರಿಗೆ ಎತ್ತಿದ ಮೇಲೆ ಕಿರಣ ರಿಂಗಿನ ನಡುವೆಯೇ ಇದೆ, ವಾಪಸ್ ಚುಕ್ಕಿ ಮಾತ್ರ ತೂತಿನಿಂದ 6 ಮಿಮೀ ಕೆಳಗೆ ಇಳಿದಿದೆ.

ಉತ್ತರ

ಸಿಕ್ಕಿತಲ್ಲ. ಕನ್ನಡಿ ವಾಲಿದಾಗ ವಾಪಸ್ ಚುಕ್ಕಿ ಎರಡರಷ್ಟು ಸರಿಯುತ್ತೆ, ಅಂದರೆ ಅಕ್ಷ ಸರಿದಿರೋದು 3 ಮಿಮೀ. ನಿಮಗಿದ್ದ ಅವಕಾಶ 2.3.

ಮೂರು ಸ್ಪ್ರಿಂಗ್ ಬದಲಿಸಿ. ಹಳೆಯದೊಂದನ್ನ ಕೈಯಲ್ಲಿ ಹಿಡಿದು ಎಸ್.ಪಿ. ರೋಡ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಉದ್ದ, ಹೊರ ವ್ಯಾಸ ಅದೇ ಇರಲಿ, ತಂತಿ ಮಾತ್ರ ದಪ್ಪ ಬೇಕು. 1.2 ಮಿಮೀ ತಂತಿ ಇದ್ದಲ್ಲಿ 1.6 ಹಾಕಿದರೆ ಬಿಗಿ ಮೂರು ಪಟ್ಟು ದಾಟುತ್ತೆ, ಯಾಕಂದರೆ ದಪ್ಪದ ನಾಲ್ಕನೇ ಘಾತಕ್ಕೆ ಲೆಕ್ಕ. ಆಮೇಲೆ ಲಾಕ್ ಸ್ಕ್ರೂ ಬರೀ ತಾಗಿದರೆ ಸಾಕು.

ಮತ್ತೆ ಹೊಂದಿಸುವಾಗ ಮೊದಲು ಚಿಕ್ಕ ಕನ್ನಡಿ (ಟ್ಯೂಬಿನ ಬಾಯಿಯ ಹತ್ತಿರ ಬೆಳಕನ್ನ ಐಪೀಸಿಗೆ ತಿರುಗಿಸೋದು), ಆಮೇಲೆ ದೊಡ್ಡದು. ಚಿಕ್ಕ ಕನ್ನಡಿಯ ಮೂರು ಅಲೆನ್ ಸ್ಕ್ರೂ ಮುಟ್ಟುವಾಗ ಟ್ಯೂಬ್ ಮಲಗಿರಲಿ, ಅಲೆನ್ ಕೀಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಕೈಜಾರಿ ದೊಡ್ಡ ಕನ್ನಡಿಯ ಮೇಲೆ ಬಿದ್ದರೆ ಆಮೇಲೆ ಮಾತಾಡೋಕೆ ಏನೂ ಉಳಿಯಲ್ಲ. ದೊಡ್ಡ ಕನ್ನಡಿಯ ಸ್ಕ್ರೂಗಳನ್ನ ಟ್ಯೂಬ್ 60 ಡಿಗ್ರಿಯಲ್ಲಿದ್ದಾಗಲೇ ತಿರುಗಿಸಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ.

ಕೊನೆಗೆ ನಕ್ಷತ್ರ. ಫೋಕಸ್ ಸ್ವಲ್ಪ ಬಿಟ್ಟು ಉಂಗುರಗಳನ್ನ ನೋಡಿ. ಓರೆ ಇದ್ದರೆ ನಕ್ಷತ್ರವನ್ನ ನೋಟದ ಬೇರೆ ಬೇರೆ ಜಾಗಕ್ಕೆ ಒಯ್ದು ಎಲ್ಲಿ ಉಂಗುರ ದುಂಡಗಾಗುತ್ತೆ ಅಂತ ಹುಡುಕಿ, ಅಲ್ಲಿಂದ ನಡುವಿಗೆ ದೊಡ್ಡ ಕನ್ನಡಿಯ ಸ್ಕ್ರೂ ತಿರುಗಿಸಿ ತನ್ನಿ. ಒಂದು ಸಲಕ್ಕೆ ದೋಷದ ಅರ್ಧ ಮಾತ್ರ ಹೋಗುತ್ತೆ, ಎರಡು ಮೂರು ಸುತ್ತು ಮಾಡಬೇಕು.

ಪ್ರಶ್ನೆ ಕೇಳಿದವರು

ಸ್ಪ್ರಿಂಗ್ ಹಾಕಿದೆ, ಈಗ ವಾಪಸ್ ಚುಕ್ಕಿ 1 ಮಿಮೀ ಕೂಡ ಕದಲಲ್ಲ. ಬಾಲ ಹೋಯ್ತು. ಕನ್ನಡಿ ಹೊರಗೆ ತೆಗೆದಿದ್ದೆ, ವಾಪಸ್ ಕೂರಿಸುವಾಗ ಕ್ಲಿಪ್‌ಗಳನ್ನೂ ಚೆನ್ನಾಗಿ ಬಿಗಿ ಮಾಡಿದೆ. ಈಗ ಫೋಕಸ್ ಬಿಟ್ಟಾಗ ನಕ್ಷತ್ರ ತ್ರಿಕೋನ!

ಇನ್ನೊಬ್ಬರ ಉತ್ತರ

ಉತ್ತರವನ್ನೂ ನೀವೇ ಬರೆದಿದ್ದೀರಿ. ಮೂರು ಕ್ಲಿಪ್ ಕನ್ನಡಿಯನ್ನ ಹಿಂಡುತ್ತಿವೆ. ಕ್ಲಿಪ್ ಇರೋದು ಕನ್ನಡಿ ಮುಂದಕ್ಕೆ ಬೀಳದಿರಲಿ ಅಂತ, ಒತ್ತಿ ಹಿಡಿಯೋಕಲ್ಲ. ಕ್ಲಿಪ್ಪಿನ ರಬ್ಬರಿಗೂ ಗಾಜಿಗೂ ನಡುವೆ ಒಂದು ಎ4 ಹಾಳೆ ಸಲೀಸಾಗಿ ಜಾರುವಷ್ಟು ಸಡಿಲಿಸಿ. ಹಾಳೆ ಗಾಜಿಗೆ ಉಜ್ಜೋದು ಬೇಡ, ಕ್ಲಿಪ್ಪಿನ ಕೆಳಗಿನ ಅಂಚಿನಲ್ಲಷ್ಟೇ. ಸಡಿಲಿಸಿದ ಮೇಲೆ ಕಾಲಿಮೇಶನ್ ಇನ್ನೊಮ್ಮೆ ನೋಡಲೇಬೇಕು.

ತ್ರಿಕೋನ ಹೋಗಿ ಮೊಟ್ಟೆಯಾಕಾರ ಉಳಿದು, ಫೋಕಸಿನ ಒಳಗೆ ಅಡ್ಡ, ಹೊರಗೆ ಉದ್ದ ಆದರೆ ಅದು ಅಸ್ಟಿಗ್ಮ್ಯಾಟಿಸಂ, ಅಂದರೆ ಅಡ್ಡ ಬೆಳಕು ಒಂದು ಕಡೆ, ಉದ್ದ ಬೆಳಕು ಇನ್ನೊಂದು ಕಡೆ ಫೋಕಸ್ ಆಗುವ ದೋಷ. ತಲೆ ಓರೆ ಮಾಡಿ ನೋಡಿ. ಮೊಟ್ಟೆಯೂ ಜೊತೆಗೇ ತಿರುಗಿದರೆ ದೋಷ ನಿಮ್ಮ ಕಣ್ಣಿನದು, ಟೆಲಿಸ್ಕೋಪಿನದಲ್ಲ.

ಇನ್ನು, ಟ್ಯೂಬನ್ನ ಒಂದು ಗಂಟೆ ಮುಂಚೆ ಹೊರಗಿಡದೆ ಇದ್ಯಾವುದನ್ನೂ ನೋಡೋಕೆ ಹೋಗಬೇಡಿ. ಕನ್ನಡಿ ಬೆಚ್ಚಗಿದ್ದರೆ ಉಂಗುರದ ಒಂದು ಬದಿಯಿಂದ ಹೊಗೆ ಏಳುವ ಹಾಗೆ ಕಾಣುತ್ತೆ, ಅದನ್ನ ನೋಡಿ ಸ್ಕ್ರೂ ತಿರುಗಿಸಿದರೆ ಇದ್ದ ಹೊಂದಿಕೆಯೂ ಕೆಡುತ್ತೆ.

ಪ್ರಶ್ನೆ ಕೇಳಿದವರು

ಹಾಳೆಯಷ್ಟು ಸಡಿಲಿಸಿದೆ. ಮಘಾ 62 ಡಿಗ್ರಿಯಲ್ಲಿ, 200 ಪಟ್ಟು: ನಡುವೆ ಚುಕ್ಕಿ, ಸುತ್ತ ಒಂದು ತೆಳು ಉಂಗುರ, ಎಲ್ಲ ಕಡೆ ಒಂದೇ ಸಮ.