ಲ್ಯಾಬ್ರಡಾರ್ ವಿಪರೀತ ಕೂದಲು ಉದುರಿಸ್ತಿದೆ, ಬೋಳಿಸಬಹುದಾ?

ನಾವಿರೋದು ಬೆಂಗಳೂರಲ್ಲಿ. ನಾಲ್ಕು ವರ್ಷದ ಹಳದಿ ಲ್ಯಾಬ್. ಶಿವರಾತ್ರಿ ಕಳೆದಾಗಿನಿಂದ ಮನೆ ತುಂಬ ಕೂದಲು. ಬೇಸಿಗೆ ಬಂತು, ಪೂರ್ತಿ ಬೋಳಿಸಿಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ಸಾಕಿದವರು ನಿಮ್ಮ ಅನುಭವ ಹೇಳಿ.

ಮೈಸೂರಿನಿಂದ:
ಅಕ್ಕ, ದಯವಿಟ್ಟು ಬೋಳಿಸಬೇಡಿ. ಲ್ಯಾಬ್‌ಗೆ ಎರಡು ಪದರ ಕೂದಲಿರುತ್ತೆ, ಈಗ ಉದುರ್ತಿರೋದು ಹೆಚ್ಚಾಗಿ ಒಳಗಿನದು. ಸೋಫಾ ಕೆಳಗಿನ ಉಂಡೆಯೊಂದನ್ನ ಬಿಡಿಸಿ ನೋಡಿ: ಬಹುಪಾಲು ಮೆತ್ತಗಿನ, ಬಿಳಿಚಿದ ತುಪ್ಪಳ, ನಡುವೆ ಅಲ್ಲೊಂದು ಇಲ್ಲೊಂದು ನೆಟ್ಟಗಿನ ಒರಟು ಕೂದಲು. ಬಿಸಿಲು ನೇರ ಚರ್ಮಕ್ಕೆ ಬೀಳದ ಹಾಗೆ ಕಾಯೋದು ಆ ಒರಟು ಕೂದಲೇ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ತೇಕಿ ತೇಕಿ ಮೈ ತಣ್ಣಗೆ ಮಾಡ್ಕೊಳ್ಳುತ್ತೆ. ನಮ್ಮ ಪಕ್ಕದ ಮನೆ ಪಾಮೇರಿಯನ್‌ಗೆ ಒಂದು ಬೇಸಿಗೆ ಮಷಿನ್ ಹಾಕಿಸಿದ್ರು. ಸೊಂಟದ ಮೇಲೆ ಕೂದಲು ಮತ್ತೆ ಸರಿಯಾಗಿ ಬರಲೇ ಇಲ್ಲ, ತೇಪೆ ತೇಪೆಯಾಗಿ ಉಳೀತು.

ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಬುಡದ ತನಕ ಒಣಗಿಸಿ, ಆಮೇಲೆ ಹೊರಗೆ ಕೂರಿಸಿ ಬಾಚಿ. ಜನ ಬೆನ್ನು ಬಾಚಿ ಬಿಟ್ಟುಬಿಡ್ತಾರೆ. ತೊಡೆಯ ಹಿಂಭಾಗ, ಕತ್ತಿನ ಸುತ್ತ, ಬಾಲದ ಬುಡ, ಒಳಗೂದಲು ಕೂತಿರೋದು ಅಲ್ಲೇ. ಒತ್ತಿ ಎಳೀಬೇಡಿ, ಚರ್ಮ ಕೆಂಪಾಗುತ್ತೆ.

ಸ್ಟಾಕ್‌ಹೋಮ್‌ನಿಂದ:
ನಮ್ಮದು ಹಸ್ಕಿ. ಇಲ್ಲಿ ಬೇಸಿಗೆಯ ಹಗಲು 18 ಗಂಟೆ ದಾಟುತ್ತೆ, ಚಳಿಗಾಲದಲ್ಲಿ 6 ಗಂಟೆಗೆ ಇಳಿಯುತ್ತೆ. ಕೂದಲಿಗೆ ಕಾಲ ತಿಳಿಸೋದು ಶಾಖಕ್ಕಿಂತ ಮುಖ್ಯವಾಗಿ ಹಗಲಿನ ಉದ್ದ. ಕತ್ತಲಲ್ಲಿ ಮೆದುಳು ಸ್ರವಿಸೋ ಮೆಲಟೋನಿನ್ ಹೆಚ್ಚುಕಡಿಮೆ ಆದ ಹಾಗೆ ಹಳೆ ಕೂದಲು ಬುಡ ಬಿಡುತ್ತೆ, ಹೊಸದು ಏಳುತ್ತೆ. ಹಾಗಾಗಿ ನಮ್ಮ ಹಸ್ಕಿಗೆ ವಸಂತದಲ್ಲಿ ಗೊಂಚಲು ಗೊಂಚಲಾಗಿ ಕಿತ್ತು ಬರುತ್ತೆ, ಕೆಲವು ವಾರದಲ್ಲಿ ಬಹುತೇಕ ಮುಗಿಯುತ್ತೆ. ಬೆಂಗಳೂರಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ, ಜೊತೆಗೆ ಮನೆಯೊಳಗೆ ರಾತ್ರಿ ತನಕ ಲೈಟು. ಅಲ್ಲಿನ ನಾಯಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತೆ, ಋತು ಬದಲಾದಾಗ ಒಂದಿಷ್ಟು ಜಾಸ್ತಿ. ಪೂರ್ತಿ ನಿಲ್ಲುತ್ತೆ ಅಂತ ಕಾಯಬೇಡಿ.

ಬಾಗಲಕೋಟೆಯಿಂದ:
ಅಕ್ಕಾರ, ನಮ್ಮ ಮನ್ಯಾಗ ಮುಧೋಳ ನಾಯಿ ಐತಿ. ಗಿಡ್ಡ ಕೂದಲು, ಒಳಪದರ ದಪ್ಪ ಇಲ್ಲ. ಉದುರತಾವು, ಆದ್ರ ಒದ್ದಿ ಬಟ್ಟಿಲೆ ಒರೆಸಿದ್ರ ಮುಗೀತು. ಬಿಸಿಲ ನಾಡಿನ್ಯಾಗ ಬ್ಯಾಟಿ ಬೆನ್ನಟ್ಟಿ ಓಡೂ ನಾಯಿಗೆ ಅಷ್ಟ ಸಾಕು. ನಿಮ್ಮ ಲ್ಯಾಬ್‌ದು ಬ್ಯಾರೆ. ನ್ಯೂಫೌಂಡ್‌ಲ್ಯಾಂಡಿನ ಥಂಡಿ ನೀರಾಗ ಮೀನುಗಾರರ ಕೂಡ ದುಡಿದ ನಾಯಿಗಳ ವಂಶ ಅದು. ಆ ನೀರು ತಾಳೂವಂಥಾ ಕೂದಲಿನವನ್ನ ಆರಿಸಿ ಆರಿಸಿ ಬೆಳೆಸ್ಯಾರ.

ಮಂಗಳೂರಿನಿಂದ:
ಉದುರದ ನಾಯಿ ಬೇಕೆಂದು ನಾವು ಪೂಡಲ್ ತಂದದ್ದು. ಅದರ ಕೂದಲು ಬೆಳೆಯುವ ಅವಧಿಯೇ ದೀರ್ಘ, ಉದುರಿದ್ದೂ ಸುರುಳಿಯಲ್ಲೇ ಸಿಕ್ಕಿಕೊಳ್ಳುತ್ತದೆ. ನೆಲ ಚೊಕ್ಕ ಹೌದು. ಬಾಚುವುದು ತಪ್ಪಿದರೆ ಮಾತ್ರ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಬಿಗಿದು ಚರ್ಮ ಹುಣ್ಣಾಗುತ್ತದೆ. ತಳಿ ನಾಯಿಗಳ ಕೂದಲಿನ ಉದ್ದ, ಸುರುಳಿ, ಮೀಸೆ-ಹುಬ್ಬು, ಇವುಗಳ ವೈವಿಧ್ಯದ ಬಹುಪಾಲು ಮೂರೇ ಜೀನ್‌ಗಳಿಂದ ಬಂದದ್ದು ಎಂದು 2009ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಹುಟ್ಟಿನಿಂದ ಬಂದ ಕೂದಲಿನ ಸ್ವಭಾವವನ್ನು ಯಾವ ಶಾಂಪೂವೂ ಬದಲಿಸುವುದಿಲ್ಲ, ದುಡ್ಡು ಹಾಳು ಮಾಡಬೇಡಿ.

ಶಿವಮೊಗ್ಗದಿಂದ:
ಮೈಯೆಲ್ಲ ಸಮನಾಗಿ ತೆಳುವಾದರೆ ಚಿಂತೆ ಬೇಡ. ಬೋಳು ಚಕ್ಕೆ, ಕೆರೆತ, ವಾಸನೆ ಇದ್ದರೆ ಉಣ್ಣಿ, ಚಿಗಟ, ಕಜ್ಜಿ ಇದೆಯಾ ಅಂತ ಡಾಕ್ಟರ ಹತ್ತಿರ ತೋರಿಸಿ. ಕೆರೆತವಿಲ್ಲದೆ ಎರಡೂ ಪಕ್ಕೆ ಒಂದೇ ಸಮ ಬೋಳಾಗಿ, ನಾಯಿ ದಪ್ಪಗಾಗ್ತಾ ಮಂಕಾದರೆ ಥೈರಾಯ್ಡ್‌ಗೆ ರಕ್ತಪರೀಕ್ಷೆ ಮಾಡಿಸಿ.