ಮೈತೇಯಿ ಮನೆಗೆ ಹೆಣ್ಣು ಕೇಳಲು ಹೋಗುತ್ತಿದ್ದೇವೆ, ಗೊತ್ತಿರುವವರು ಹೇಳಿ

ತಮ್ಮ ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡುವ, ಮಣಿಪುರದ ಮೈತೇಯಿ ಸಮುದಾಯದ ಹುಡುಗಿಯನ್ನು ಮೆಚ್ಚಿದ್ದಾನೆ. ಅಮ್ಮನನ್ನು ಕರೆದುಕೊಂಡು ಇಂಫಾಲಕ್ಕೆ ಹೋಗಿ ಮಾತಾಡಬೇಕು. ಅಲ್ಲಿ ಹೇಗೆ ನಡೆದುಕೊಳ್ಳಬೇಕು?

ಉತ್ತರ 1: ನಾನು ಮೈತೇಯಿ ಮನೆಯ ಅಳಿಯ. ಮೊದಲು ಇನ್ನರ್ ಲೈನ್ ಪರ್ಮಿಟ್ (ಹೊರಗಿನವರು ಆ ರಾಜ್ಯದೊಳಗೆ ಹೋಗಲು ಬೇಕಾದ ಅನುಮತಿ ಪತ್ರ) ಮಾಡಿಸಿ, 2020ರಿಂದ ಮಣಿಪುರಕ್ಕೂ ಅದು ಬೇಕು. ಊರಿನ ಪರಿಸ್ಥಿತಿ ಹೇಗಿದೆ ಅಂತ ಹುಡುಗಿಯ ಮನೆಯವರನ್ನೇ ಕೇಳಿ ಹೊರಡಿ.

ಹಿರಿಯರು ಕೂತಿರುವಾಗ ಅವರ ಮುಂದೆ ನೆಟ್ಟಗೆ ನಡೆದು ಹೋಗಬೇಡಿ. ಬೆನ್ನು ಬಗ್ಗಿಸಿ, ಬಲಗೈ ನೆಲದ ಕಡೆ ಚಾಚಿ, ಮೆಲ್ಲಗೆ ದಾಟಬೇಕು. ಸಣ್ಣ ಮಕ್ಕಳೂ ಹಾಗೇ ಹೋಗುತ್ತಾರೆ, ನೋಡೋಕೆ ಬಹಳ ಚೆಂದ. ಕೈ ಮುಗಿದು ‘ಖುರುಮ್‌ಜರಿ’ ಅನ್ನಿ. ಹುಡುಗಿಯ ತಾಯಿಗೆ ‘ಇಮಾ’, ಅಕ್ಕನಿಗೆ ‘ಇಚೆ’. ಹೆಸರು ಹಿಡಿದು ಕರೆಯುವುದು ಬೇಡ. ಇನ್ನೊಂದು, ತಂತಿಯ ಮೇಲೆ ಒಣಹಾಕಿದ ಫನೆಕ್ ಅಡಿ ಗಂಡಸರು ನುಸುಳಬಾರದು. ಫನೆಕ್ ಅಂದರೆ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ. ತಮ್ಮನಿಗೆ ಮೊದಲೇ ಹೇಳಿಡಿ.

ಉತ್ತರ 2: ಪ್ರೀತಿಯ ವಿಷಯ ಮುಚ್ಚಿಡುವ ಕಷ್ಟ ಪಡಬೇಡಿ. ಹೋಳಿ ಹುಣ್ಣಿಮೆಯಿಂದ ಐದು ದಿನ ಅಲ್ಲಿ ಯಾವೋಶಾಂಗ್ ಹಬ್ಬ. ರಾತ್ರಿ ಥಾಬಲ್ ಚೋಂಗ್ಬಾ ಕುಣಿತದಲ್ಲಿ ಹುಡುಗ ಹುಡುಗಿಯರು ಕೈ ಕೈ ಹಿಡಿದು ಸುತ್ತುತ್ತಾರೆ. ಅದೂ ಮನೆಯವರ, ಊರವರ ಕಣ್ಣೆದುರೇ! ಓಡಿಹೋಗುವುದಕ್ಕೂ ‘ಚೆನ್ಬಾ’ ಅಂತ ಒಂದು ಪದ್ಧತಿಯೇ ಇದೆ. ಹುಡುಗನ ಕಡೆಯವರು ಹೆಣ್ಣಿನ ಮನೆಗೆ ಸುದ್ದಿ ಮುಟ್ಟಿಸುತ್ತಾರೆ, ಹಿರಿಯರು ಕೂತು ಮಾತಾಡುತ್ತಾರೆ, ಆಮೇಲೆ ಮದುವೆ. ದೊಡ್ಡ ಮದುವೆ ಆಗದಿದ್ದರೆ ‘ಲೌಖತ್ಪಾ’ ಎಂಬ ಸರಳ ಶಾಸ್ತ್ರದಲ್ಲಿ ಹೆಣ್ಣಿನ ಮನೆಯವರು ಒಪ್ಪಿಗೆ ಕೊಡುತ್ತಾರೆ. ಹಾಗಂತ ತಮ್ಮನಿಗೆ ಈ ಐಡಿಯಾ ಕೊಡಬೇಡಿ. ನೀವು ಮನೆಗೇ ಹೋಗಿ ಕೇಳುತ್ತಿದ್ದೀರಲ್ಲ, ಅದಕ್ಕೆ ಮರ್ಯಾದೆ ಜಾಸ್ತಿ. ಮಾತು ಅಮ್ಮನೇ ಎತ್ತಲಿ.

ಉತ್ತರ 3: ಯೆಕ್, ಅಂದರೆ ಕುಲದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಗೋತ್ರದ ಹಾಗೆ ಅವರಲ್ಲಿ ಏಳು ಕುಲಗಳಿವೆ, ಒಂದೇ ಕುಲದೊಳಗೆ ಮದುವೆ ಇಲ್ಲ. ನಿಮಗೆ ಈ ತಂಟೆ ಇಲ್ಲ ಬಿಡಿ. ಆದರೂ ಮನೆತನದ ಬಗ್ಗೆ ವಿಚಾರಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಸಂಬಂಧ ಕುದುರಿದರೆ ಮದುವೆಗೆ ಮುಂಚೆ ‘ಹೈಜಿಂಗ್‌ಪೋಟ್’ ಇರುತ್ತದೆ. ಗಂಡಿನ ಕಡೆಯವರು ಬುಟ್ಟಿಗಳಲ್ಲಿ ಹಣ್ಣು, ಸಿಹಿ ಹೊತ್ತು ಹೆಣ್ಣಿನ ಮನೆಗೆ ಹೋಗಬೇಕು. ಈ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಮದುವೆ ದಿನ ಹುಡುಗಿ ವರನಿಗೆ ಏಳು ಸುತ್ತು ಬಂದು ಕುಂದೋ ಎಂಬ ಮಲ್ಲಿಗೆ ಜಾತಿಯ ಹೂವಿನ ಹಾರ ಹಾಕುತ್ತಾಳೆ. ಎರಡೂ ಕಡೆಯ ಹೆಂಗಸರು ಒಂದೊಂದು ಮೀನನ್ನು ನೀರಿಗೆ ಬಿಡುತ್ತಾರೆ. ಅವು ಜೊತೆಯಾಗಿ ಈಜಿದರೆ ಶುಭ.

ಅಮ್ಮ ಸಸ್ಯಾಹಾರಿಯಾ? ಹಾಗಿದ್ದರೆ ಫೋನಿನಲ್ಲೇ ಹೇಳಿಬಿಡಿ. ಅಲ್ಲಿಯ ಎರೋಂಬಾ ಎಂಬ ತರಕಾರಿ ಪದಾರ್ಥಕ್ಕೆ ಹುದುಗಿಸಿದ ಮೀನು ಹಾಕುತ್ತಾರೆ. ಎಲೆಗೆ ಬಡಿಸಿದ ಮೇಲೆ ಬೇಡ ಅನ್ನುವುದು ಚೆನ್ನಾಗಿರಲ್ಲ, ಅಲ್ವಾ?